ಹೊಳೆ ಇಳಿದ ಮೇಲೂ ಇಳಿಯದ ಎಚ್ಚರ

(ಪಟ್ಟದಕಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಈ ಊರಿನಲ್ಲಿ ದತ್ತಿ ಉಪನ್ಯಾಸ ಎಂದರೆ ವಿರೂಪಾಕ್ಷನ ಗುಡಿ, ಅದನ್ನು ಕಟ್ಟಿಸಿದ ಲೋಕಮಹಾದೇವಿ, ಚಾಲುಕ್ಯರ ಶಿಲ್ಪ ಇವುಗಳ ಮಾತು ಕೇಳುವುದು ನಿಮಗೆ ರೂಢಿ. ಈ ಸಲ ಆರೋಗ್ಯದ ವಿಷಯವಾಗಲಿ ಎಂದು ದತ್ತಿ ಇಟ್ಟ ಮನೆತನದವರು ಹೇಳಿದಾಗ ನಾನು ನಿದ್ದೆಯನ್ನು ಆರಿಸಿಕೊಂಡೆ. ಅದರಲ್ಲೂ ಅಂಜಿಕೆಯಿಂದ, ಕಾಳಜಿಯಿಂದ ಕೆಡುವ ನಿದ್ದೆಯನ್ನು. ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ವೈದ್ಯಕೀಯ ಮಾಡಿದವನು ಇದನ್ನು ಬಿಟ್ಟು ಬೇರೆ ವಿಷಯ ಹುಡುಕಬೇಕಾಗಿಲ್ಲ.

ಮಳೆಗಾಲ ಶುರುವಾದರೆ ದವಾಖಾನೆಗೆ ಬರುವವರ ಮಾತು ಬದಲಾಗುತ್ತದೆ. ‘ಸೊಂಟ ಹಿಡದೈತ್ರಿ’ ಎಂದು ಶುರು ಮಾಡಿದವರು ಎದ್ದು ಹೋಗುವಾಗ ಬಾಗಿಲ ಬಳಿ ನಿಂತು, ‘ರಾತ್ರಿ ಕಣ್ಣಿಗೆ ನಿದ್ದಿ ಹತ್ತವಲ್ದ್ರಿ. ಸಣ್ಣ ಸಪ್ಪಳಾದ್ರೂ ಎದಿ ಧಸಕ್ಕಂತೈತಿ’ ಎನ್ನುತ್ತಾರೆ. ಸೊಂಟಕ್ಕೆ ಗುಳಿಗೆ ಕೇಳಲು ಯಾರಿಗೂ ಸಂಕೋಚವಿಲ್ಲ, ನಿದ್ದೆಯ ಮಾತು ಮಾತ್ರ ಹೊಸ್ತಿಲ ಬಳಿ ಬರುತ್ತದೆ. ಮನಸ್ಸು ಗಟ್ಟಿ ಇಲ್ಲದವರಿಗೆ ಬರುವ ರೋಗ ಇದು ಎಂಬ ನಂಬಿಕೆ ಇದಕ್ಕೆ ಕಾರಣ. ಆ ನಂಬಿಕೆ ತಪ್ಪು ಎಂದು ತೋರಿಸುವುದಕ್ಕೆ ಇಂದು ನನಗೆ ಸಿಕ್ಕ ಹೊತ್ತಿನ ಬಹುಪಾಲನ್ನು ಬಳಸುತ್ತೇನೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನಿಮ್ಮಲ್ಲಿ ಹೆಚ್ಚಿನವರು ಕಂಡಿದ್ದೀರಿ. ಉತ್ತರ ಕರ್ನಾಟಕದ ಮೇಲೆ ಆ ಮಳೆ ಸುರಿದಾಗ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮಾಳಿಗೆಗಳು ಸಾಲುಸಾಲಾಗಿ ಕುಸಿದವು. ಹತ್ತು ವರ್ಷ ಬಿಟ್ಟು 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ ಈ ಗುಡಿಗಳ ಆವರಣದಲ್ಲಿ ನೀರು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಗುಡಿಯ ಚಿತ್ರ ಪೇಪರಿನಲ್ಲಿ ಬಂತು. ದನ ಬಿಚ್ಚಿ, ಮುದುಕರನ್ನು ಹೊತ್ತು, ಕತ್ತಲಲ್ಲಿ ಎತ್ತರದ ಜಾಗ ಹುಡುಕಿದವರ ರಾತ್ರಿ ಯಾವ ಪೇಪರಿನಲ್ಲೂ ಪೂರ್ತಿ ಬರಲಿಲ್ಲ.

ಹೊಳೆಯ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟೆ ಇದೆ. ಅಲ್ಲಿ ಗೇಟು ತೆಗೆದರೆ ನೀರು ಇಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಆದರೆ ಧಾರವಾಡ, ಗದಗ ಸೀಮೆಯ ಎರೆನೆಲದ ನೀರನ್ನು ಹೊತ್ತು ಅಣೆಕಟ್ಟೆಯ ಕೆಳಗೆ ಬಂದು ಕೂಡುವ ಬೆಣ್ಣಿಹಳ್ಳಕ್ಕೆ ಯಾರ ಗೇಟೂ ಇಲ್ಲ. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರಬಹುದು. ಆಕಾಶದಲ್ಲಿ ಚುಕ್ಕಿ ಕಾಣುತ್ತಿರುವ ರಾತ್ರಿಯೂ ಇಲ್ಲಿನವರಿಗೆ ನಂಬಿಕೆಯ ರಾತ್ರಿ ಅಲ್ಲ. ಹೀಗಿರುವಾಗ ಎಚ್ಚರವಾಗಿರುವುದು ದೌರ್ಬಲ್ಯವೆಂದು ನಾನು ಹೇಗೆ ಹೇಳಲಿ? ಆ ರಾತ್ರಿಗಳಲ್ಲಿ ಯಾರೋ ಎಚ್ಚರವಿದ್ದುದರಿಂದಲೇ ಮನೆಯವರು ಉಳಿದರು. ಅದು ಕಾವಲು.

ನನ್ನ ಇಡೀ ಮಾತು ಈ ಕಾವಲಿನ ಸುತ್ತ. ಹೊಳೆ ಇಳಿದ ಮೇಲೆ ಕಾವಲೂ ಇಳಿಯಬೇಕು. ಹಲವರಲ್ಲಿ ಅದು ಇಳಿಯುವುದಿಲ್ಲ. ನೀರು ಸರಿದು, ಕೆಸರು ತೆಗೆದು, ಮನೆ ಸುಣ್ಣ ಕಂಡರೂ ಒಬ್ಬರು ಮಾತ್ರ ರಾತ್ರಿ ಕಾಯುತ್ತಲೇ ಇರುತ್ತಾರೆ. ಹೆಚ್ಚಾಗಿ ಅದು ಮನೆಯ ತಾಯಿ.

ಕಾವಲು ಮನುಷ್ಯನ ಮೈಯಲ್ಲಿಯೇ ಇರುವ ಗುಣ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹತ್ತದಿರುವುದು ಎಲ್ಲರಿಗೂ ಗೊತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದರ ಒಳಗನ್ನು ತೋರಿಸಿದರು. ಅಂಥ ರಾತ್ರಿ ಮಿದುಳಿನ ಒಂದು ಭಾಗ ಆಳವಾಗಿ ಮಲಗಿದರೆ ಇನ್ನೊಂದು ಭಾಗ ಅಷ್ಟು ಆಳಕ್ಕೆ ಇಳಿಯದೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತದೆ. ಅದಕ್ಕಿಂತ ನನಗೆ ಹತ್ತಿರವಾದದ್ದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವ ಹಾಡ್ಜಾ ಎಂಬ ಜನ ಇದ್ದಾರೆ. ಅವರಲ್ಲಿ 33 ಮಂದಿಯ ನಿದ್ದೆಯನ್ನು 20 ದಿನ ಅಳೆದು ನೋಡಿದರು. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಗಾಢ ನಿದ್ದೆಯಲ್ಲಿದ್ದ ಹೊತ್ತು ಕೂಡಿಸಿದರೆ 18 ನಿಮಿಷ. ಬೇರೆಲ್ಲ ಹೊತ್ತಿನಲ್ಲಿ ಯಾರೋ ಒಬ್ಬರು ಮಗ್ಗುಲು ಬದಲಿಸುತ್ತ, ಕೂತು ಕೆಮ್ಮುತ್ತ, ಅರೆಎಚ್ಚರದಲ್ಲಿರುತ್ತಿದ್ದರು. ಯಾರೂ ಪಾಳಿ ಹಚ್ಚಿರಲಿಲ್ಲ. ಹರೆಯದವರು ತಡವಾಗಿ ಮಲಗುತ್ತಾರೆ, ಮುದುಕರು ನಸುಕಿಗೂ ಮೊದಲೇ ಏಳುತ್ತಾರೆ, ಅದರಿಂದ ಕಾವಲು ತಾನಾಗಿಯೇ ನಡೆಯುತ್ತದೆ. ನಾಲ್ಕಕ್ಕೆ ಎದ್ದು ಕಟ್ಟೆಯ ಮೇಲೆ ಕೂರುವ ನಮ್ಮ ಅಜ್ಜಂದಿರನ್ನು ನಾನು ಈ ಅಧ್ಯಯನ ಓದಿದ ಮೇಲೆ ರೋಗಿಗಳೆಂದು ನೋಡುವುದನ್ನು ಬಿಟ್ಟೆ. ಹಗಲು ಅವರಿಗೆ ದಣಿವಿಲ್ಲ, ಬೇಸರವಿಲ್ಲ ಎಂದರೆ ಅವರಿಗೆ ಗುಳಿಗೆ ಬೇಕಾಗಿಲ್ಲ.

ಹಂಚಿಕೊಂಡ ಕಾವಲು ಯಾರನ್ನೂ ಕೆಡಿಸುವುದಿಲ್ಲ. ಒಬ್ಬರ ಮೇಲೆಯೇ ಬಿದ್ದ ಕಾವಲು ಆ ಒಬ್ಬರನ್ನು ಸವೆಸುತ್ತದೆ.

ಇನ್ನು ಮೈಯೊಳಗೆ ಏನಾಗುತ್ತದೆ ನೋಡೋಣ. ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ವಿವರಿಸಿದರು. ಎದ್ದ ಗಳಿಗೆಯಿಂದ ಕೂಡುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಬೆಳಕು ಕತ್ತಲೆಗೆ ಹೊಂದಿ ನಡೆಯುವ ಮೈಯ ಗಡಿಯಾರ ಇನ್ನೊಂದು. ಇವೆರಡೂ ಸರಿಯಿದ್ದರೂ ಅಂಜಿಕೆ ಬಂದರೆ ಮಿದುಳು ಇವನ್ನು ಬದಿಗೊತ್ತುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಿವಿ ಚುರುಕಾಗುತ್ತದೆ. ಅಪಾಯದ ರಾತ್ರಿಗೆ ಇದು ತಕ್ಕ ಏರ್ಪಾಡು. ತೊಂದರೆ ಬರುವುದು ಆಮೇಲೆ. ಎರಡು ರಾತ್ರಿ ನಿದ್ದೆ ಕೆಟ್ಟವರು ಮೂರನೆಯ ದಿನ ಬೇಗ ಹಾಸಿಗೆ ಸೇರುತ್ತಾರೆ, ಮಧ್ಯಾಹ್ನ ಅಡ್ಡಾಗುತ್ತಾರೆ, ಮೊಬೈಲಿನಲ್ಲಿ ತಾಸುತಾಸಿಗೆ ಟೈಮು ನೋಡುತ್ತಾರೆ, ‘ಇವತ್ತೂ ಬರಾಂಗಿಲ್ಲ’ ಎಂದು ಕಾಯುತ್ತಾರೆ. ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಬಿಡಿಸಿ ಹೇಳಿದರು. ನಿದ್ದೆ ಕೆಡಲು ಮೂಲ ಸ್ವಭಾವ ಬೇರೆ, ಕೆಡಿಸಿದ ಘಟನೆ ಬೇರೆ, ಕೆಟ್ಟ ನಿದ್ದೆಯನ್ನು ಕೆಟ್ಟಂತೆಯೇ ಉಳಿಸುವ ರೂಢಿಗಳು ಬೇರೆ. ಹೊಳೆ ಬಂದದ್ದು ಘಟನೆ. ಅದು ಹೋಗಿದೆ. ಉಳಿದಿರುವುದು ರೂಢಿ. ಮೊದಮೊದಲು ಹೊಳೆಗೆ ಅಂಜಿದವರು ಬರಬರುತ್ತ ಹಾಸಿಗೆಗೇ ಅಂಜತೊಡಗುತ್ತಾರೆ. ಮಲಗಲು ಅವಕಾಶವಿದ್ದೂ ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಅದು ಮೂರು ತಿಂಗಳು ನಡೆದು, ಹಗಲು ಕೆಲಸಕ್ಕೆ ತೊಂದರೆಯಾದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ.

‘ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ’ ಎನ್ನುತ್ತೇವೆ. ನೋಡಿ ಆಡಿದ ಮಾತು ಅದು. ಆದರೆ ಅದನ್ನು ಉಪದೇಶ ಮಾಡಿ ‘ಚಿಂತಿ ಬಿಡವ್ವಾ, ನಿದ್ದಿ ಬರತೈತಿ’ ಎಂದರೆ ಕೇಳಿದವಳಿಗೆ ಇನ್ನೊಂದು ಚಿಂತೆ ಕೊಟ್ಟಂತೆ. ಚಿಂತೆಯನ್ನು ಬಿಡು ಎಂದರೆ ಬಿಡಲಾಗದು. ಅದಕ್ಕೆ ಬೇರೆ ಹೊತ್ತು, ಬೇರೆ ಜಾಗ ಕೊಡಬಹುದು.

ಈಗ ಉಪಾಯಗಳಿಗೆ ಬರುತ್ತೇನೆ. ಅಮೆರಿಕದ ವೈದ್ಯರ ದೊಡ್ಡ ಸಂಸ್ಥೆಯೊಂದು 2016ರಲ್ಲಿ ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ರೂಢಿ ಮತ್ತು ವಿಚಾರಗಳನ್ನು ತಿದ್ದುವ ಚಿಕಿತ್ಸೆ ಎಂದು ಹೇಳಿತು. ಅದರ ಮೂಲ ಸೂತ್ರಗಳಲ್ಲೊಂದನ್ನು 1972ರಲ್ಲಿ ರಿಚರ್ಡ್ ಬೂಟ್‌ಜಿನ್ ಕೊಟ್ಟರು: ಹಾಸಿಗೆ ನಿದ್ದೆಗೆ ಮಾತ್ರ. ನಿದ್ದೆ ತೂಗಿದಾಗ ಮಲಗಬೇಕು, ಇಪ್ಪತ್ತು ನಿಮಿಷವಾದರೂ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂರಬೇಕು, ಮತ್ತೆ ತೂಗಿದಾಗ ಬಂದು ಮಲಗಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

ಇದನ್ನು ಬರೆದವರ ಮನೆಯಲ್ಲಿ ಮಲಗುವ ಕೋಣೆ ಬೇರೆ ಇತ್ತು. ಎರಡು ಅಂಕಣದ ಮನೆಯಲ್ಲಿ ಏಳು ಮಂದಿ ಮಲಗುವಾಗ ನಡುರಾತ್ರಿ ಎದ್ದು ಸೊಸೆ ಎಲ್ಲಿಗೆ ಹೋಗಬೇಕು? ಹೋದರೆ ಅತ್ತೆ ಏನೆಂದುಕೊಂಡಾರು? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ, ಹೆಣ್ಣುಮಕ್ಕಳೇ ನನಗೆ ಕಲಿಸಿದ್ದಾರೆ. ಹಾಸಿಗೆ ಬಿಟ್ಟು ಅದೇ ಕೋಣೆಯ ಗೋಡೆಗೆ ಆನಿಕೊಂಡು ಕೂತರೆ ಸಾಕು. ಕೌದಿಯನ್ನು ಮಡಿಚಿ ಪಕ್ಕಕ್ಕಿಟ್ಟು, ನಿದ್ದೆ ತೂಗಿದಾಗ ಮತ್ತೆ ಹಾಸಿಕೊಳ್ಳಬೇಕು. ಮುಖ್ಯವಾದದ್ದು ದೂರವಲ್ಲ, ‘ಈಗ ನಾನು ಮಲಗುವ ಪ್ರಯತ್ನದಲ್ಲಿಲ್ಲ’ ಎಂದು ಮೈಗೆ ತಿಳಿಯುವುದು. ಮನೆಯವರಿಗೆ ಹಗಲೇ ಹೇಳಿಡಬೇಕು: ರಾತ್ರಿ ನಾನು ಎದ್ದು ಕೂತರೆ ಏನೂ ಆಗಿಲ್ಲ, ಇದು ನನ್ನ ಔಷಧ. ಹಾಗೆ ನೋಡಿದರೆ ಬೆಳಿಗ್ಗೆ ಹಾಸಿಗೆ ಸುತ್ತಿ ಇಡುವ ನಮ್ಮ ಪದ್ಧತಿ ಈ ಚಿಕಿತ್ಸೆಗೆ ಬಹಳ ಹತ್ತಿರದ್ದು. ದಿನವಿಡೀ ಹಾಸಿದ ಮಂಚ ಬಂದು, ಅದರ ಮೇಲೆ ಊಟ, ಟಿವಿ, ಮೊಬೈಲು, ಲೆಕ್ಕ, ಜಗಳ ಎಲ್ಲ ನಡೆಯತೊಡಗಿದ ಮೇಲೆ ಆ ಗುಣ ಹೋಯಿತು. ಅದನ್ನು ಮರಳಿ ತನ್ನಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಇನ್ನೊಂದು ಸೂತ್ರ ಕೇಳಲು ವಿಚಿತ್ರ. ಒಂಬತ್ತು ತಾಸು ಹಾಸಿಗೆಯಲ್ಲಿದ್ದು ಐದೂವರೆ ತಾಸು ಮಾತ್ರ ನಿದ್ದೆ ಬರುವವರು ಹಾಸಿಗೆಯ ಹೊತ್ತನ್ನೇ ಅಷ್ಟಕ್ಕೆ ಇಳಿಸಬೇಕು. ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳಬೇಕು. ಕೆಲವು ದಿನದಲ್ಲಿ ನಿದ್ದೆಯ ಒತ್ತಡ ಕೂಡಿ, ಮಲಗಿದ ಹೊತ್ತೆಲ್ಲ ನಿದ್ದೆಯಾಗತೊಡಗುತ್ತದೆ. ಆಮೇಲೆ ವಾರಕ್ಕೆ ಕಾಲು ತಾಸಿನಂತೆ ಹೆಚ್ಚಿಸುತ್ತ ಹೋಗಬೇಕು. ಐದು ತಾಸಿಗಿಂತ ಕೆಳಗೆ ಇಳಿಸಬಾರದು. ಮೂರ್ಛೆರೋಗ ಇರುವವರು, ಉನ್ಮಾದ ಬಂದು ಹೋಗಿರುವವರು, ಟ್ರ್ಯಾಕ್ಟರ್, ಲಾರಿ ಓಡಿಸುವವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು. ಮೊದಲ ಒಂದೆರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ, ಅದಕ್ಕೆ ಹೆದರಿ ಬಿಟ್ಟವರೇ ಜಾಸ್ತಿ.

ಚಹಾದ ಮಾತು ಹೇಳದಿದ್ದರೆ ಆಗದು. ಅದರಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದ ಕಡಕ್ ಚಾ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ತಂಬಾಕು, ಗುಟ್ಕಾ ಕೂಡ ಎಚ್ಚರಿಸುವ ವಸ್ತುಗಳೇ. ದಾರು ಬೇಗ ಮಲಗಿಸುತ್ತದೆ, ನಡುರಾತ್ರಿಯ ನಂತರದ ನಿದ್ದೆಯನ್ನು ಮುರಿಯುತ್ತದೆ.

ಚಿಂತೆಗೆ ಹೊತ್ತು ಕೊಡುವುದು ಎಂದೆನಲ್ಲ, ಅದಕ್ಕೆ ಬರುತ್ತೇನೆ. ಸಂಜೆ ದೀಪ ಹಚ್ಚುವ ಮೊದಲು ಇಪ್ಪತ್ತು ನಿಮಿಷ ಕೂತು, ರಾತ್ರಿ ಕಾಡುವ ಸಂಗತಿಗಳನ್ನು ಒಂದೊಂದಾಗಿ ಬರೆಯಿರಿ. ಬರೆಯಲು ಬಾರದವರು ಮಗಳಿಗೋ, ಸಂಘದ ಗೆಳತಿಗೋ ಹೇಳಿ. ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದು ಕೆಲಸ ಇರಲಿ. ಬೆಳೆವಿಮೆ ಬಂದಿಲ್ಲ ಎಂದರೆ ‘ಸೋಮವಾರ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದು’. 2018ರಲ್ಲಿ ಮೈಕೆಲ್ ಸ್ಕಲಿನ್ ಎಂಬ ಸಂಶೋಧಕರು ಮಲಗುವ ಮುನ್ನ ಕೆಲವರಿಂದ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆಸಿದರು, ಉಳಿದವರಿಂದ ಮುಗಿಸಿದ ಕೆಲಸದ ಪಟ್ಟಿ. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹತ್ತಿತು. ಒಂಬತ್ತು ನಿಮಿಷ ಕಡಿಮೆ ಎನಿಸಬಹುದು. ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದವರಿಗೆ ಅದರ ಬೆಲೆ ಗೊತ್ತು.

ಹೊಳೆದಂಡೆಯವರ ಪಟ್ಟಿಯಲ್ಲಿ ಒಂದು ಕೆಲಸವನ್ನು ನಾನೇ ಸೇರಿಸುತ್ತೇನೆ. ಹೊಲದ ಉತಾರ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್‌ಕಾರ್ಡು, ದಿನದ ಗುಳಿಗೆ ಇಷ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಗೂಟಕ್ಕೆ ತೂಗಿಹಾಕಿ. ದನದ ಕಣ್ಣಿಯನ್ನು ಕತ್ತಲಲ್ಲಿ ಒಂದೇ ಕೈಯಲ್ಲಿ ಬಿಚ್ಚುವಂತೆ ಕಟ್ಟಿ. ನೀರು ಬಂದರೆ ಮುದುಕಿಯನ್ನು ಯಾರು ಹಿಡಿಯಬೇಕು, ಕೂಸನ್ನು ಯಾರು ಎತ್ತಬೇಕು, ಯಾವ ಹಾದಿಯಲ್ಲಿ ಯಾವ ಎತ್ತರಕ್ಕೆ ಹೋಗಬೇಕು ಎನ್ನುವುದನ್ನು ಹಗಲು ಒಮ್ಮೆ ಮಾತಾಡಿ ಮುಗಿಸಿ. ರಾತ್ರಿ ಎಚ್ಚರವಿರುವವರ ತಲೆಯಲ್ಲಿ ಓಡುವುದು ಹೆಚ್ಚಾಗಿ ಇದೇ ತಾಲೀಮು. ಹಗಲು ಮುಗಿದ ತಾಲೀಮನ್ನು ಮನಸ್ಸು ರಾತ್ರಿ ಅಷ್ಟು ಸಲ ನಡೆಸುವುದಿಲ್ಲ.

ಗುಳಿಗೆಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಆಲ್ಪ್ರಜೋಲಾಂ ಜಾತಿಯ ಗುಳಿಗೆಗಳು ವೈದ್ಯರ ಚೀಟಿಯ ಮೇಲೆ ಮಾತ್ರ ಸಿಗಬೇಕು ಎಂದು ಕಾಯಿದೆ ಇದೆ. ತೀವ್ರ ಸಂಕಟದ ಕೆಲವು ದಿನಗಳಿಗೆ ಅವು ಉಪಯುಕ್ತ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈ ಅದಕ್ಕೆ ಒಗ್ಗುತ್ತದೆ, ಪ್ರಮಾಣ ಏರುತ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುತ್ತಾರೆ. ಆದರೆ ಇಂದು ನನ್ನ ಮಾತು ಕೇಳಿ ಮನೆಗೆ ಹೋಗಿ ಗುಳಿಗೆ ಎಸೆಯಬೇಡಿ. ಬಹುದಿನ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಕೂಡ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಸ್ವಲ್ಪಸ್ವಲ್ಪ ಇಳಿಸಬೇಕು.

ಎಲ್ಲ ನಿದ್ದೆಗೇಡೂ ಕಾವಲಿನದಲ್ಲ ಎನ್ನುವುದನ್ನೂ ಮರೆಯಬಾರದು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲುವವರು, ಥೈರಾಯ್ಡ್ ತೊಂದರೆ ಇರುವವರು, ನಸುಕಿನಲ್ಲೇ ಎದ್ದು ಯಾವುದರಲ್ಲೂ ಮನಸ್ಸಿಲ್ಲದೆ ಕೂರುವವರು, ನೀರಿನಲ್ಲಿ ಕೈ ತಪ್ಪಿಹೋದವರನ್ನು ಕನಸಿನಲ್ಲಿ ಪದೇಪದೇ ಕಂಡು ಚೀರಿ ಏಳುವವರು ಇದ್ದಾರೆ. ಇವರಿಗೆ ಬೇರೆ ಚಿಕಿತ್ಸೆ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿದ್ದಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕೆನ್ನಿಸಿದವರು ಬೆಳಗಾಗುವುದನ್ನು ಕಾಯದೆ ಆ ಸಂಖ್ಯೆಗೆ ಕರೆ ಮಾಡಬೇಕು.

ಕೆಲವು ಅಂಜಿಕೆಗೆ ಮದ್ದು ದವಾಖಾನೆಯ ಹೊರಗಿರುತ್ತದೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು ನಸುಕಿನ ನಾಲ್ಕರ ಸುಮಾರಿಗೆ. ಮಲಗಿದವರ ಮೇಲೆ ಕಲ್ಲುಗೋಡೆ ಬಿತ್ತು. ಆಮೇಲೆ ಚಾವಣಿಯ ಕೆಳಗೆ ಮಲಗಲು ಅಂಜಿದವರಿಗೆ ‘ಅಂಜಬ್ಯಾಡ್ರಿ’ ಎಂಬ ಮಾತಿಗಿಂತ ಬೀಳದ ಮನೆ ಬೇಕಾಗಿತ್ತು. ನಮ್ಮಲ್ಲಿಯೂ ಅಷ್ಟೇ. 2009ರ ನಂತರ ನೆರೆ ಸಂತ್ರಸ್ತರಿಗೆಂದು ‘ಆಸರೆ’ ಯೋಜನೆಯ ಮನೆಗಳು ಬಂದವು. ಎಷ್ಟೋ ಕಡೆ ಹೊಲ, ದನ, ದುಡಿಮೆ ಹಳೆಯ ಊರಿನಲ್ಲೇ ಉಳಿದುದರಿಂದ ಜನ ಹೋಗಲಿಲ್ಲ. ಪಟ್ಟದಕಲ್ಲಿನವರಿಗೆ ಇನ್ನೊಂದು ಕಟ್ಟು ಇದೆ. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು. ಊರು ಸ್ಥಳಾಂತರದ ಮಾತು ವರ್ಷಗಳಿಂದ ನಡೆದಿದೆ. ಗೋಡೆ ಬಿರಿದರೆ ಗಟ್ಟಿಯಾಗಿ ಕಟ್ಟಬೇಕೋ, ಹೇಗೂ ಹೋಗುವವರೆಂದು ತೇಪೆ ಹಾಕಬೇಕೋ? ಬಾಗಲಕೋಟೆಯ ಕಡೆ ಆಲಮಟ್ಟಿ ಅಣೆಕಟ್ಟೆಯ ಎತ್ತರ 519.6 ಮೀಟರ್‌ನಿಂದ 524.256ಕ್ಕೆ ಏರುತ್ತದೆಂದು ಕಾದಿರುವ ಹಳ್ಳಿಗಳಲ್ಲಿಯೂ ಇದೇ ಪ್ರಶ್ನೆ. ಬಂದ ಆಪತ್ತಿಗಿಂತ ಬರಬಹುದಾದ ಆಪತ್ತು ಹೆಚ್ಚು ರಾತ್ರಿಗಳನ್ನು ತಿನ್ನುತ್ತದೆ. ಸ್ಥಳಾಂತರ ಆಗುತ್ತದೋ ಇಲ್ಲವೋ, ಯಾವಾಗ, ಎಲ್ಲಿಗೆ ಎಂದು ಅಧಿಕಾರಿಗಳು ಖಚಿತವಾಗಿ ಹೇಳುವುದು ಕೂಡ ನನ್ನ ದೃಷ್ಟಿಯಲ್ಲಿ ನಿದ್ದೆಯ ಚಿಕಿತ್ಸೆಯ ಭಾಗ. ಇದನ್ನು ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಕೊನೆಗೆ ಒಂದು ಬೇಡಿಕೆ. ಮೊದಲು ಊರ ಕಾವಲಿಗೆ ತಳವಾರರಿದ್ದರು, ಹೊಳೆ ಬಂದರೆ ಡಂಗುರ ಸಾರುತ್ತಿದ್ದರು. ಈಗ ಗೇಟು ತೆಗೆದ ಸುದ್ದಿ ಯಾರದೋ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಅದರಲ್ಲಿ ಹಳೆಯ ವಿಡಿಯೊ ಯಾವುದು, ಇಂದಿನ ನೀರು ಯಾವುದು ತಿಳಿಯದೆ ಮನೆಮನೆಯಲ್ಲೂ ಒಬ್ಬೊಬ್ಬರು ಮೊಬೈಲು ಹಿಡಿದು ಎದ್ದಿರುತ್ತಾರೆ. ಮಳೆಗಾಲಕ್ಕೆ ಮೊದಲಿನ ಗ್ರಾಮಸಭೆಯಲ್ಲಿ ಓಣಿಗೆ ಇಬ್ಬರಂತೆ ಪಾಳಿ ಬರೆಯಿರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ರಾತ್ರಿ ಯಾರು ಕಾಯುತ್ತಾರೆ ಎಂದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿರಿ. ನವಿಲುತೀರ್ಥದ ಸುದ್ದಿ, ಬೆಣ್ಣಿಹಳ್ಳದ ಸುದ್ದಿ ತಹಶೀಲ್ದಾರರ ಕಚೇರಿಯಿಂದ ಆ ಇಬ್ಬರಿಗೆ ನೇರವಾಗಿ ಬರಲಿ. ಹೊಳೆಯ ಪಾವಟಿಗೆಗಳ ಮೇಲೆ ಬಣ್ಣದ ಗುರುತು ಹಾಕಿ, ನೀರು ಇಲ್ಲಿಗೆ ಮುಟ್ಟಿದರೆ ಮಾತ್ರ ಊರನ್ನು ಎಬ್ಬಿಸುವುದು ಎಂದು ಎಲ್ಲರೂ ಒಪ್ಪಿರಿ. ಗುಡಿಯ ಆವರಣದ ಪಾವಟಿಗೆಯಾದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಕೇಳಿ, ಇಲ್ಲವಾದರೆ ಆಚೆ ಒಂದು ಕಂಬ ನೆಡಿರಿ. ಎಬ್ಬಿಸುವ ಸಪ್ಪಳ ಯಾವುದು, ಗಂಟೆಯೋ ಮೈಕೋ ಸೈರನ್ನೋ, ಅದನ್ನೂ ಅಂದೇ ತೀರ್ಮಾನಿಸಿ, ಒಮ್ಮೆ ಬಾರಿಸಿ ಎಲ್ಲ ಓಣಿಗೂ ಕೇಳುತ್ತದೆಯೇ ಎಂದು ನೋಡಿರಿ. ತಗಡಿನ ಶೆಡ್ಡಿನಲ್ಲಿ ಇರುವವರಿಗೆ ಮಳೆಯ ಬಡಿತದಲ್ಲಿ ಅದು ಕೇಳಿಸದು. ಅವರ ಬಾಗಿಲು ಬಡಿಯುವವರು ಯಾರು ಎನ್ನುವುದನ್ನು ಹೆಸರು ಹಿಡಿದು ಅದೇ ಹಾಳೆಯಲ್ಲಿ ಬರೆಯಬೇಕು.